ಕಡಲಡಿಯ ಚಿತ್ರವೂ ಸತ್ಯವೂ

ಮೋರಟಗಿಯ ಕಡೆಯ ನಾವು ಕಡಲಿನ ಒಡಲನ್ನು ಚಿತ್ರದಲ್ಲಿಯೇ ಕಾಣತಕ್ಕವರು. ಆದುದರಿಂದ ಆ ಚಿತ್ರದ ಸತ್ಯಾಸತ್ಯವು ನಮಗೂ ಸಂಬಂಧಪಟ್ಟುದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ, ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿ ಮುಳುಗುವವರು ಕ್ಯಾಮೆರಾವನ್ನೂ ಒಯ್ಯುತ್ತಾರೆ. ನೀರು ಕೆಂಪು ಬೆಳಕನ್ನೇ ಮೊದಲು ಹೀರುವುದರಿಂದ, 15 ಮೀಟರು ಆಳದಲ್ಲಿ ಕೆಂಪು ಮೀನೂ ಬೂದಾಗಿ ತೋರುವುದು; ದೀಪ ಹಿಡಿದರೆ ಬಣ್ಣ ಹೊಳೆಯುವುದು. ಇದನ್ನು ಸುಳ್ಳೆನ್ನಲಾರೆ, ಬೆಳಕು ನಮ್ಮದಾದರೂ ಬಣ್ಣವು ಮೀನಿನದೇ. ಆದರೆ ಬಂಡೆಯ ಸಂದಿನಲ್ಲಿ ಅಡಗಿದ ಆಕ್ಟೋಪಸ್ಸನ್ನು ಕೋಲಿನಿಂದ ಕೆಣಕಿ ಹೊರಡಿಸಿದರೆ? ಬೆದರಿದೊಡನೆ ಅದು ಮೈಬಣ್ಣವನ್ನೇ ಬದಲಿಸುವುದು. ಚಿತ್ರದಲ್ಲಿ ಮೂಡಿದುದು ಅದರ ಬಾಳಲ್ಲ, ನಾವಿತ್ತ ಭಯ. ಅದನ್ನು ಮನೆಯಲ್ಲಿ ಕುಳಿತು ಮೆಚ್ಚುವವರಿಗೂ ಆ ಕೋಲಿನಲ್ಲಿ ಪಾಲುಂಟೆಂದು ನನಗೆ ತೋರುತ್ತದೆ. ದೂರ ನಿಂತು ಕಾದರೆ ಅದು ತಾನಾಗಿ ಬರಬಹುದು, ಬಾರದೆಯೂ ಇರಬಹುದು. ಸಿಲಿಂಡರಿನ ಗಾಳಿಯೋ ಸುಮಾರು ಒಂದು ತಾಸಿನಲ್ಲಿ ತೀರುತ್ತದೆ.