ಹಸುವಿನ ಕ್ರಯವಿಕ್ರಯದಲ್ಲಿ ಸತ್ಯಶುದ್ಧಿ



ಧರ್ಮದ ಮಾತೆಂದರೆ ಗದ್ದುಗೆಯ ಮುಂದೆ ಆಡುವ ಮಾತು, ಪೂಜೆಯ ಹೊತ್ತಿನಲ್ಲಿ ನೆನೆಯುವ ಮಾತು ಎಂಬ ಭಾವನೆ ನಮ್ಮ ಗೃಹಸ್ಥರಲ್ಲಿ ಬಹುಮಂದಿಗೆ ಬೇರೂರಿರುವುದುಂಟು. ಶರಣರ ಮತ ಅದಲ್ಲ. ನೇಯುವವನ ಮಗ್ಗದಲ್ಲಿ, ಹೊಲಿಯುವವನ ಸೂಜಿಯಲ್ಲಿ, ದೋಣಿ ನಡೆಸುವವನ ಹುಟ್ಟಿನಲ್ಲಿ ಅವರು ಧರ್ಮವನ್ನು ಕಂಡರು. ದನ ಕಾಯುವವನ ಕೋಲಿನಲ್ಲಿಯೂ ಕಂಡರು. ತುರುಗಾಹಿ ರಾಮಣ್ಣನೆಂಬ ಶರಣನ ಕಾಯಕವೇ ದನ ಕಾಯುವುದು; ಗೋಪತಿನಾಥ ವಿಶ್ವೇಶ್ವರಲಿಂಗವೆಂಬುದು ಆತನ ವಚನಗಳ ಅಂಕಿತ. ಪರರ ದನವನ್ನು ತನ್ನದೆಂದು ಕಾಯಬೇಕು, ಸಂಜೆಗೆ ಅದು ತನ್ನದಲ್ಲವೆಂದು ಒಪ್ಪಿಸಬೇಕು. ಈ ಎರಡು ಭಾವಗಳೂ ಒಂದೇ ಮನಸ್ಸಿನಲ್ಲಿ ನಿಲ್ಲಬೇಕಾದ ಕಾಯಕವದು. ಆದುದರಿಂದ ಕೊಟ್ಟಿಗೆಯ ಮಾತನ್ನು ಇಲ್ಲಿ ಎತ್ತುವುದು ಅನುಚಿತವೆಂದು ತಾವು ಭಾವಿಸಲಾರಿರಿ. ಒಬ್ಬ ಗೃಹಸ್ಥನು ಮತ್ತೊಬ್ಬ ಗೃಹಸ್ಥನಿಂದ ಕರೆಯುವ ಹಸುವೊಂದನ್ನು ಕೊಳ್ಳುತ್ತಾನೆ. ಈ ಅಲ್ಪವೆಂದು ತೋರುವ ವ್ಯವಹಾರದಲ್ಲಿ ಮನುಷ್ಯನ ಸತ್ಯವು ಎಷ್ಟು ಕಡೆ ಪರೀಕ್ಷೆಗೆ ಒಳಗಾಗುತ್ತದೆಂಬುದನ್ನು ವಿಚಾರಿಸೋಣ.

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಸೀಮೆಯನ್ನೇ ತೆಗೆದುಕೊಳ್ಳಿರಿ. ರಾಗಿ, ತೆಂಗು, ಹಿಪ್ಪುನೇರಳೆಗಳ ನಾಡಿದು. ಒಂದು ಕಾಲಕ್ಕೆ ಇಲ್ಲಿ ದನವೆಂದರೆ ಹಳ್ಳಿಕಾರ್ ತಳಿಯ ದನವೇ. ಉಳುವುದಕ್ಕೆ, ಗಾಡಿ ಎಳೆಯುವುದಕ್ಕೆ ಅದಕ್ಕೆ ಸಮನಿಲ್ಲ. ಹಾಲು ಮಾತ್ರ ಮನೆಯ ಮಕ್ಕಳಿಗೆ ಸಾಕಾಗುವಷ್ಟು. ಸಂಕ್ರಾಂತಿಯ ಕಾಲಕ್ಕೆ ಕೆಂಗಲ್ ಆಂಜನೇಯನ ಸನ್ನಿಧಿಯಲ್ಲಿ ಕೂಡುವ ಅಯ್ಯನಗುಡಿಯ ದನಗಳ ಜಾತ್ರೆಯೂ, ಶಿವರಾತ್ರಿಯ ವೇಳೆಗೆ ಸಿದ್ಧಗಂಗೆಯಲ್ಲಿ ನೆರೆಯುವ ಜಾತ್ರೆಯೂ ಆ ಎತ್ತುಗಳಿಂದಲೇ ಹೆಸರಾದವು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಕರ್ನಾಟಕದಲ್ಲಿ ಹೈನು ಅಭಿವೃದ್ಧಿಯ ಯೋಜನೆ ಆರಂಭವಾಗಿ, ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದ ಮೇಲೆ ಕೊಟ್ಟಿಗೆಯ ಸ್ವರೂಪವೇ ಬದಲಾಯಿತು. ಹೋಲ್‌ಸ್ಟೀನ್, ಜರ್ಸಿ ಮಿಶ್ರತಳಿಯ ಹಸುಗಳು ಬಂದವು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೈರಿಗೆ ನಡೆಯುವುದೇ ಮನೆಯ ದಿನಚರಿಯಾಯಿತು. ರೇಷ್ಮೆಗೂಡಿನ ಬೆಲೆ ಬಿದ್ದ ವರ್ಷ ಮಕ್ಕಳ ಶಾಲೆಯ ಶುಲ್ಕವನ್ನೂ ಅಂಗಡಿಯ ಸಾಲವನ್ನೂ ತೀರಿಸುವುದು ಆ ಹಾಲಿನ ಹಣವೇ. ಅನೇಕ ಮನೆಗಳಲ್ಲಿ ಆ ಹಣವು ಗೃಹಿಣಿಯ ಕೈಗೇ ಬರುವುದೆಂಬುದೂ ಸಣ್ಣ ಮಾತಲ್ಲ.

ಇಂತಹ ಹಸುವನ್ನು ಇಂದು ಜಾತ್ರೆಗಿಂತ ಹೆಚ್ಚಾಗಿ ಮಾರುವವನ ಕೊಟ್ಟಿಗೆಯಲ್ಲಿಯೇ, ನಡುವೆ ಒಬ್ಬ ದಲ್ಲಾಳಿಯನ್ನು ಇಟ್ಟುಕೊಂಡು ಕೊಳ್ಳುತ್ತಾರೆ. ಅಲ್ಲಿ ಸಾಕ್ಷಿಗೆ ನೆರೆದ ಜನವಿಲ್ಲ. ಕೊಳ್ಳುವವನು ಸಾಲ ಮಾಡಿ ಬಂದಿರುತ್ತಾನೆ, ಮಾರುವವನಿಗೆ ಹಸುವಿನ ಗುಣದೋಷವೆಲ್ಲ ಗೊತ್ತು, ಹಸುವಿಗೆ ಬಾಯಿಲ್ಲ. ಅಸತ್ಯಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಬೇಕೆ?

ಆ ಅಸತ್ಯದ ವಿಧಗಳನ್ನು ಬಿಡಿಸಿ ಹೇಳುವುದು ಅಗತ್ಯ. ಏಕೆಂದರೆ ಅವನ್ನು ಜಾಣತನವೆಂದು ಕರೆಯುವ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಗಿರಾಕಿ ಬರುವ ಹಿಂದಿನ ಹೊತ್ತು ಹಾಲು ಕರೆಯದೆ ಬಿಟ್ಟು, ಬಿಗಿದು ತುಂಬಿದ ಕೆಚ್ಚಲನ್ನು ತೋರಿಸುವುದು ಒಂದು. ಆ ಪಶುವಿನ ಯಾತನೆಯನ್ನು ತಾಯಂದಿರಿಗೆ ವಿವರಿಸಬೇಕಾದುದಿಲ್ಲ. ಎರಡು ಹೊತ್ತಿನ ಹಾಲನ್ನು ಒಂದು ಹೊತ್ತಿನದೆಂದು ಅಳೆದು ತೋರಿಸುವುದು. ಸೂಜಿಮದ್ದು ಚುಚ್ಚಿ ಸೊರೆಯಿಸುವುದು. ಐದನೆಯ ಸೂಲನ್ನು ಎರಡನೆಯದೆಂದು ಹೇಳುವುದು. ಬೇರೆ ಹಸುವಿನ ಎಳೆಗರುವನ್ನು ಪಕ್ಕದಲ್ಲಿ ಕಟ್ಟಿ ಈಗತಾನೆ ಈದದ್ದೆಂದು ನಂಬಿಸುವುದು. ಒಂದು ಮೊಲೆ ಬತ್ತಿರುವುದನ್ನು, ಹಿಂದೆ ಕಂದು ಹಾಕಿದ್ದನ್ನು, ಒದೆಯುವ ಗುಣವನ್ನು ಮುಚ್ಚಿಡುವುದು. ಗೋವಿನ ಹಾಡಿನ ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿತೆಂದು ಮಕ್ಕಳಿಗೆ ಕಣ್ಣೀರು ಬರುವಂತೆ ಹಾಡಿ ಹೇಳುವ ನಾವು, ಅದೇ ಹಸುವಿನ ಬೆನ್ನ ಮೇಲೆ ಕೈಯಿಟ್ಟು ಸುಳ್ಳಾಡುತ್ತೇವೆ.

“ನಾನು ಸುಳ್ಳು ಹೇಳಲಿಲ್ಲ, ಅವನು ಕೇಳಲಿಲ್ಲ, ನಾನು ಸುಮ್ಮನಿದ್ದೆ” ಎಂದು ಸಮಾಧಾನ ಹೇಳಿಕೊಳ್ಳುವವರೂ ಉಂಟು. ಈ ಮಾತು ವಿಚಾರಕ್ಕೆ ಯೋಗ್ಯವಾದುದು. ನಮ್ಮ ದೇಶದ ಕರಾರು ಕಾನೂನೂ ಇದನ್ನು ವಿಚಾರಿಸಿದೆ. 1872ರ ಆ ಕಾಯಿದೆಯ 17ನೆಯ ಕಲಮಿನಲ್ಲಿ ವಂಚನೆಯೆಂದರೆ ಏನೆಂದು ವಿವರಿಸುವಾಗ ಒಂದು ಕುದುರೆಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಒಬ್ಬನು ತನ್ನ ಕುದುರೆಗೆ ದೋಷವಿದೆಯೆಂದು ತಿಳಿದಿದ್ದೂ ಅದನ್ನು ಹರಾಜಿನಲ್ಲಿ ಮಾರುತ್ತಾನೆ. ದೋಷದ ವಿಷಯ ಬಾಯಿ ಬಿಡುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗತಾನೆ ಪ್ರಾಯಕ್ಕೆ ಬಂದವಳಾಗಿದ್ದರೆ? ಆಗ ಆ ಸಂಬಂಧದ ಕಾರಣದಿಂದಲೇ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಇನ್ನೂ ಒಂದುಂಟು. ಕೊಳ್ಳುವವನು, “ನೀನು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ” ಎಂದು ಹೇಳಿದಾಗ ಮಾರುವವನು ಮೌನವಾಗಿದ್ದರೆ, ಆ ಮೌನವು ಮಾತಿಗೆ ಸಮ.

ನೂರೈವತ್ತು ವರ್ಷಗಳ ಹಿಂದೆ ಬರೆದ ಈ ಕಾನೂನಿನ ಸೂಕ್ಷ್ಮಬುದ್ಧಿಯನ್ನು ಮೆಚ್ಚಲೇಬೇಕು. ಹರಾಜಿನ ಅಪರಿಚಿತನಿಗೆ ಒಂದು ಅಳತೆ, ಮಗಳಿಗೆ ಇನ್ನೊಂದು ಅಳತೆ. ಶರಣಮಾರ್ಗವು ಕಾನೂನನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಎರಡು ಅಳತೆಗಳಲ್ಲಿ ಮೊದಲನೆಯದನ್ನು ಅದು ಎತ್ತಿ ಬಿಸಾಡುತ್ತದೆ. ಎಲ್ಲರನ್ನೂ ತನ್ನವರೆಂದೇ ಎಣಿಸಬೇಕೆಂಬುದು ಅಣ್ಣನವರ ಉಪದೇಶದ ತಿರುಳಾಗಿರುವಲ್ಲಿ, ಬಾಗಿಲಿಗೆ ಹಗ್ಗ ಹಿಡಿದು ಬಂದವನು ಪರಕೀಯನಾಗುವುದು ಹೇಗೆ? ಅವನ ಜಾತಿ ಯಾವುದು, ಊರು ಯಾವುದು ಎಂಬ ಪ್ರಶ್ನೆಯೂ ಇಲ್ಲಿ ಏಳುವಂತಿಲ್ಲ. ನಮ್ಮ ಭಕ್ತನಿಗೆ ಮಾರುವಾಗ ಸತ್ಯ, ಹೊರಗಿನವನಿಗೆ ಮಾರುವಾಗ ಜಾಣತನ ಎಂಬುದು ಬೂಟಾಟಿಕೆ. ಕೊಳ್ಳುವವನನ್ನು ಮಗಳ ಸ್ಥಾನದಲ್ಲಿ ನಿಲ್ಲಿಸಿ ನೋಡಿದರೆ, ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬಹುದು ಎಂಬ ಲೆಕ್ಕಾಚಾರವೇ ಉಳಿಯುವುದಿಲ್ಲ.

ಬೆಲೆಯ ಮಾತಿಗೂ ಇದೇ ಅನ್ವಯ. ಆಯ್ದಕ್ಕಿಯ ಮಾರಯ್ಯನು ಒಂದು ದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆ ತಮಗೆಲ್ಲ ಗೊತ್ತಿದೆ. ನೆಲಕ್ಕೆ ಬಿದ್ದ ಅಕ್ಕಿ, ಕದ್ದುದಲ್ಲ, ಕಸಿದುದಲ್ಲ. ಅದೇ ಅವಳಿಗೆ ಭಾರವಾಯಿತು. ದಲ್ಲಾಳಿಯು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಪದ್ಧತಿ ನಮ್ಮ ಜಾತ್ರೆಗಳಲ್ಲಿ ಹಿಂದಿನಿಂದ ಬಂದದ್ದು. ಅದನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ದಲ್ಲಾಳಿಯೂ ದುಡಿದು ತಿನ್ನುವವನೇ. ಆದರೆ ಮಾರುವವನಿಗೆ ಒಂದು ಬೆಲೆ, ಕೊಳ್ಳುವವನಿಗೆ ಇನ್ನೊಂದು ಬೆಲೆ ಹೇಳಿ ನಡುವಿನದನ್ನು ನುಂಗಲು ಆ ಬಟ್ಟೆಯ ಮರೆ ಅವಕಾಶ ಕೊಡುತ್ತದೆ. ಇಬ್ಬರೂ ಗೃಹಸ್ಥರು ಎದುರೆದುರು ಕುಳಿತು ಬಾಯಿ ಬಿಟ್ಟು ಬೆಲೆ ಮಾತಾಡಿ, ದಲ್ಲಾಳಿಯ ಕೂಲಿಯನ್ನು ಕೂಲಿಯೆಂದೇ ಕೊಟ್ಟರೆ ಮರೆಯ ಅಗತ್ಯವೇ ಬೀಳದು.

ಇಷ್ಟು ಮಾರುವವನಿಗಾಯಿತು. ಕೊಳ್ಳುವವನು ಕಣ್ಣುಮುಚ್ಚಿ ನಂಬಿಬಿಡಬೇಕೇ? ಹಾಗೆ ಯಾವ ಶರಣನೂ ಹೇಳಿಲ್ಲ. ಅರಿವಿಲ್ಲದ ಭಕ್ತಿಯನ್ನು ಅವರು ಮನ್ನಿಸಲಿಲ್ಲವಾದ ಮೇಲೆ ಅರಿವಿಲ್ಲದ ವ್ಯಾಪಾರವನ್ನು ಮನ್ನಿಸಿಯಾರೇ? ಆದರೆ ನಮ್ಮವರು ಪರೀಕ್ಷಿಸುವುದಾದರೂ ಏನನ್ನು? ಹಣೆಯ ಸುಳಿ ಎಲ್ಲಿದೆ, ಬೆನ್ನಿನ ಸುಳಿ ಯಾವ ಕಡೆಗೆ ತಿರುಗಿದೆ, ಇಂದು ವಾರ ಯಾವುದು ಎಂದು ಅರ್ಧ ದಿನ ಚರ್ಚಿಸಿ, ಕೆಚ್ಚಲನ್ನು ಒಂದು ನಿಮಿಷ ನೋಡಿ ಮುಗಿಸುತ್ತಾರೆ. ಶಕುನವನ್ನೂ ಮುಹೂರ್ತವನ್ನೂ ಕೈಬಿಟ್ಟ ಧರ್ಮದಲ್ಲಿ ಹುಟ್ಟಿ ಹಸುವಿನ ಕೂದಲ ಸುಳಿಗೆ ಅಂಜುವುದು ಸೋಜಿಗ! ಸುಳಿಯು ಹಾಲನ್ನು ಕೊಡದು, ಕೆಡಿಸದು.

ನೋಡಬೇಕಾದುದು ಬೇರೆಯುಂಟು. ಹಿಂದಿನ ಸಂಜೆಯೇ ಹೋಗಿ ತಮ್ಮ ಕಣ್ಣೆದುರಿಗೆ ಕೆಚ್ಚಲನ್ನು ಪೂರ್ಣವಾಗಿ ಬರಿದು ಮಾಡಿಸಬೇಕು. ಆ ಹಾಲು ಲೆಕ್ಕಕ್ಕಿಲ್ಲ. ಮರುದಿನ ಬೆಳಿಗ್ಗೆ ಮತ್ತು ಸಂಜೆ ಕರೆದ ಹಾಲೇ ನಿಜವಾದ ಅಳತೆ. ಕರೆದ ಮೇಲೆ ಕೆಚ್ಚಲು ಸಡಿಲಗೊಂಡು ಮೆತ್ತಗಾಗಬೇಕು. ಗಟ್ಟಿಯಾಗಿಯೇ ಉಳಿದರೆ ಒಳಗೆ ದೋಷವಿದೆ. ನಾಲ್ಕು ಮೊಲೆಗಳ ಮೊದಲ ಧಾರೆಗಳನ್ನು ಬೇರೆ ಬೇರೆಯಾಗಿ ಕಪ್ಪು ಬಟ್ಟೆಯ ಮೇಲೆ ಹಿಂಡಿ, ಗರಣೆಯೋ ನೀರೋ ರಕ್ತವೋ ಕಾಣುವುದೇ ಎಂದು ನೋಡಿದರೆ ಕೆಚ್ಚಲುಬಾವು ಅಡಗದು. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಕೆಳಗಿನ ಎಂಟು ಹಲ್ಲುಗಳೇ ಅದರ ಜಾತಕ. ಸುಮಾರು ಎರಡು ವರ್ಷಕ್ಕೆ ಮೊದಲ ಜೋಡಿ ಹಾಲುಹಲ್ಲು ಬಿದ್ದು ಹೊಸದು ಬರುತ್ತದೆ. ಐದು ವರ್ಷದ ಸುಮಾರಿಗೆ ಬಾಯಿ ಕೂಡುತ್ತದೆ. ಆಮೇಲೆ ಸವೆತವನ್ನು ನೋಡಿ ವಯಸ್ಸನ್ನು ಅಂದಾಜಿಸಬೇಕು. ಮನೆಗೆ ಕೊಳ್ಳುವುದಾದರೆ ಎರಡನೆಯ ಅಥವಾ ಮೂರನೆಯ ಸೂಲಿನ ಹಸು ಒಳ್ಳೆಯದು. ಈದ ಆರೆಂಟು ವಾರಗಳಲ್ಲಿ ಹಾಲು ಅತ್ಯಧಿಕವಾಗಿರುವುದರಿಂದ ಆಗ ಕಂಡ ಅಳತೆ ವರ್ಷವಿಡೀ ನಿಲ್ಲುವುದೆಂದು ನೆಚ್ಚಬಾರದು. ಮಾರುವವನ ಹಾಲಿನ ಸಂಘದ ಪುಸ್ತಕವನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಅದು ಕೊಟ್ಟಿಗೆಯ ಎಲ್ಲ ಹಸುಗಳ ಒಟ್ಟು ಲೆಕ್ಕವಾದರೂ ಮಾತಿಗೂ ಅಂಕಿಗೂ ಇರುವ ಅಂತರವನ್ನು ತಿಳಿಸುತ್ತದೆ.

ಗಬ್ಬದ ಹಸುವೆಂದು ಹೇಳಿದರೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಲೇಬೇಕು. ಎರಡು ಮೂರು ತಿಂಗಳು ತುಂಬಿದ ಮೇಲೆ ಅವರ ಕೈಗೆ ಅದು ತಿಳಿಯುತ್ತದೆ. ಕಿವಿಯ ಬಿಲ್ಲೆಯ ಹನ್ನೆರಡು ಅಂಕಿಗಳನ್ನು ಬರೆದುಕೊಂಡರೆ ಕಾಲುಬಾಯಿ ಜ್ವರದ ಲಸಿಕೆ ಮೊದಲಾದವುಗಳನ್ನು ವಿಚಾರಿಸಲು ಅನುಕೂಲ. 2022ರಲ್ಲಿ ಚರ್ಮಗಂಟು ರೋಗವು ನಮ್ಮ ನಾಡಿನಲ್ಲಿ ಎಷ್ಟು ಕೊಟ್ಟಿಗೆಗಳನ್ನು ಬರಿದು ಮಾಡಿತೆಂಬುದನ್ನು ರೈತರು ಮರೆತಿಲ್ಲ. ಕಂದು ಹಾಕಿಸುವ ಬ್ರುಸೆಲ್ಲಾ ರೋಗದ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಅದು ಹಸಿಹಾಲಿನ ಮೂಲಕವೂ, ಕಂದು ಹಾಕಿದಾಗಿನ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರ ಮೂಲಕವೂ ಮನುಷ್ಯನಿಗೆ ಅಂಟಿ, ತಿಂಗಳುಗಟ್ಟಲೆ ಜ್ವರದಿಂದಲೂ ಕೀಲುನೋವಿನಿಂದಲೂ ಬಾಧಿಸುತ್ತದೆ. ಹಸು ಕಂದು ಹಾಕಿದ್ದನ್ನು ಮುಚ್ಚಿಟ್ಟು ಮಾರಿದವನು ಕೊಂಡವನ ಮನೆಯ ಮಗುವಿನ ಲೋಟಕ್ಕೆ ರೋಗವನ್ನು ಸುರಿದಂತೆ. “ಸುಮ್ಮನಿದ್ದೆ” ಎಂಬ ಸಮಾಧಾನವು ಎಲ್ಲಿಗೆ ಮುಟ್ಟುತ್ತದೆಂಬುದನ್ನು ನೋಡಿದಿರಾ? ರಕ್ತಪರೀಕ್ಷೆಯಿಂದ ಈ ರೋಗವನ್ನು ಕಂಡುಹಿಡಿಯಬಹುದು. ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಹಾಕುವ ಲಸಿಕೆಯೂ ಇದೆ. ಪರೀಕ್ಷೆಗೆ ಮಾರುವವನು ಒಪ್ಪದಿದ್ದರೆ ಮುನಿಯದೆ ಶರಣೆಂದು ಹೇಳಿ ಎದ್ದು ಬರುವುದು ಲೇಸು.

ಹೀಗೆ ಪರೀಕ್ಷಿಸುವುದು ಅವಿಶ್ವಾಸವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಾಮಾಣಿಕನಾದವನಿಗೆ ಪರೀಕ್ಷೆಯಿಂದ ನಷ್ಟವಿಲ್ಲ. ಅವನ ಮಾತಿಗೆ ಅದು ಸಾಕ್ಷಿ. ಅದಕ್ಕೂ ಮಿಗಿಲಾಗಿ, ಕೊಳ್ಳುವವನ ಅಸತ್ಯವೂ ಒಂದಿದೆ. ಒಳ್ಳೆಯ ಹಸುವಿಗೆ ಇಲ್ಲದ ದೋಷವನ್ನು ಹಚ್ಚಿ, ಕಷ್ಟದಲ್ಲಿ ಮಾರುತ್ತಿರುವವನನ್ನು ಇನ್ನಷ್ಟು ಕುಗ್ಗಿಸಿ ಬೆಲೆ ಇಳಿಸುವುದು. ಮನೆಯಲ್ಲಿ ಕಾಯಿಲೆಯೋ ಮದುವೆಯೋ ಬಂದು, ಕಣ್ಣೀರು ಹಾಕುತ್ತ ಹಸು ಬಿಡಿಸುವ ಮನೆಗಳಿವೆ. ಅಲ್ಲಿ ತಕ್ಕಡಿಯ ಇನ್ನೊಂದು ತಟ್ಟೆ ಕೊಳ್ಳುವವನ ಕೈಯಲ್ಲಿರುತ್ತದೆ.

ಇನ್ನು ಕರುವಿನ ವಿಷಯ. ಬಸವಣ್ಣನವರ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಕೂಗುತ್ತಿವೆ, ಅವನ್ನೂ ಕಳ್ಳರಿಗೇ ಒಪ್ಪಿಸಿ ಬನ್ನಿರೆಂದು ಅಣ್ಣನವರು ಆಳುಗಳನ್ನು ಅಟ್ಟಿದರೆಂಬ ಕಥೆಯನ್ನು ನಾವು ಪುರಾಣಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ. ಆ ಕಥೆಯನ್ನು ಔದಾರ್ಯದ ದೃಷ್ಟಾಂತವೆಂದು ಹೇಳುವುದೇ ವಾಡಿಕೆ. ನನಗೆ ಅದರಲ್ಲಿ ಹೆಚ್ಚಾಗಿ ಕಾಣುವುದು ಬೇರೊಂದು. ಸೊತ್ತು ಯಾರದೆಂಬ ಪ್ರಶ್ನೆ ಏಳುವುದಕ್ಕೆ ಮೊದಲೇ ಅಣ್ಣನವರ ಕಿವಿಗೆ ಕರುವಿನ ಕೂಗು ಬಿದ್ದಿತು. ಮಿಶ್ರತಳಿಯ ಗಂಡುಗರುವಿಗೆ ಇಂದು ಕೊಟ್ಟಿಗೆಯಲ್ಲಿ ಬೆಲೆಯಿಲ್ಲ; ಹಸು ಮಾರಿದ ದಿನವೇ ಅದನ್ನು ರಸ್ತೆಗೆ ಬಿಡುವವರಿದ್ದಾರೆ, ಹಾಲು ಕುಡಿಸದೆ ಸೊರಗಿಸುವವರಿದ್ದಾರೆ. ಹಸುವಿನ ಬೆಲೆ ಮಾತಾಡುವಾಗಲೇ ಕರುವಿನ ಮಾತನ್ನೂ ಮುಗಿಸಿರಬೇಕು. ಹೆಣ್ಣಾಗಲಿ ಗಂಡಾಗಲಿ, ಹಾಲು ಕುಡಿಯುವ ಕರುವು ತಾಯಿಯ ಜೊತೆಯಲ್ಲಿಯೇ ಹೋಗಬೇಕು. ಅದನ್ನು ಕೊಂಡೊಯ್ಯಲು ಗಾಡಿಯಲ್ಲಿ ಸ್ಥಳವಿಲ್ಲವೆಂದರೆ ದೊಡ್ಡ ಗಾಡಿ ತರಿಸಬೇಕು.

ಹಸುವನ್ನು ಹೊಡೆದುಕೊಂಡು ಹೊರಡುವಾಗ ಅದು ತಿನ್ನುತ್ತಿದ್ದ ಮೇವು ಹಿಂಡಿಗಳ ವಿವರವನ್ನು ಕೇಳಿ, ಸಾಧ್ಯವಾದರೆ ಒಂದು ವಾರಕ್ಕಾಗುವಷ್ಟನ್ನು ಕೊಂಡು ತನ್ನಿರಿ. ಹೊಸ ಮೇವನ್ನು ಅದರೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸಿ ಅಭ್ಯಾಸ ಮಾಡಿಸಿರಿ. ಮೂರು ವಾರ ಮನೆಯ ಇತರ ದನಗಳಿಂದ ದೂರ ಕಟ್ಟಿರಿ. ಹಾಲನ್ನು ಚೆನ್ನಾಗಿ ಕಾಯಿಸದೆ ಯಾರೂ ಕುಡಿಯುವುದು ಬೇಡ. ಮಾರಿದವನ ಮನೆಯಲ್ಲಿ ಹಸುವನ್ನು ಕರೆಯುತ್ತಿದ್ದವರು ಹೆಣ್ಣುಮಕ್ಕಳಾಗಿದ್ದರೆ ಮೊದಲ ಕೆಲವು ದಿನ ಇಲ್ಲಿಯೂ ಹೆಣ್ಣುಮಕ್ಕಳೇ ಕರೆಯುವುದು ವಾಸಿ; ಕೈಯ ಗುರುತು ಪಶುವಿಗಿದೆ. ಪ್ರಯಾಣದ ದಣಿವಿನಿಂದಲೂ, ಹೊಸ ಕೊಟ್ಟಿಗೆಯ ಅಂಜಿಕೆಯಿಂದಲೂ ಮೂರು ನಾಲ್ಕು ದಿನ ಹಾಲು ಇಳಿಯುವುದು ಸಹಜ. ಅಷ್ಟಕ್ಕೇ ಮೋಸವಾಯಿತೆಂದು ಮಾರಿದವನ ಮನೆಗೆ ಓಡಿಹೋಗಿ ಜಗಳ ತೆಗೆಯಬೇಡಿರಿ. ವಾರ ಕಳೆಯಲಿ, ಆಮೇಲೆ ಅಳೆದು ನೋಡಿರಿ.