ಕೇಳುವ ಕಿವಿಯ ಹೊಣೆ

ಸುಳ್ಳು ಹೇಳುವುದು ತಪ್ಪೆಂಬುದನ್ನು ಅರಿಯದವರು ವಿರಳ. ಆದರೆ ತನಗೆ ಹಿತವಾದ ಸುಳ್ಳನ್ನು ಬಯಸಿ ಕೇಳುವುದೂ ತಪ್ಪೇ ಎಂಬ ಪ್ರಶ್ನೆಯನ್ನು ತನ್ನೊಳಗೆ ತಾನೇ ಹಾಕಿಕೊಳ್ಳುವವರು ಅದಕ್ಕಿಂತಲೂ ವಿರಳ. ನುಡಿಯ ದೋಷವನ್ನೆಲ್ಲ ನಾಲಗೆಯ ಮೇಲೆ ಹೊರಿಸಿ, ಕಿವಿಯನ್ನು ನಿರ್ದೋಷಿಯೆಂದು ಬಿಟ್ಟುಬಿಡುವುದು ಲೋಕದ ರೂಢಿ. ಚುನಾವಣೆಯ ಕಾಲದಲ್ಲಿ ಜನನಾಯಕರಿಗೂ ಸುದ್ದಿಯನ್ನು ಹರಡುವವರಿಗೂ ನಡೆಯುವ ಕಲಹವನ್ನು ಪರಿಶೀಲಿಸಿದರೆ ಈ ರೂಢಿ ಎಷ್ಟರಮಟ್ಟಿಗೆ ಸರಿ ಎಂಬುದು ತಿಳಿದುಬರುತ್ತದೆ.

ಅಮೆರಿಕದ ಲೂಯಿಸಿಯಾನ ಸಂಸ್ಥಾನದಲ್ಲಿ 1928ರಲ್ಲಿ ಹ್ಯೂಯಿ ಲಾಂಗ್ ಎಂಬಾತನು ಗವರ್ನರನಾಗಿ ಚುನಾಯಿತನಾದನು. ಬಡವರ ಪಕ್ಷ ವಹಿಸಿ ಮಾತನಾಡಿ, ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಡಿಸಿ, ರಸ್ತೆ ಸೇತುವೆಗಳನ್ನು ಕಟ್ಟಿಸಿ, ಆತನು ಜನಾನುರಾಗವನ್ನು ಗಳಿಸಿದನು. ದೊಡ್ಡ ಪಟ್ಟಣಗಳ ಪತ್ರಿಕೆಗಳು ಹೆಚ್ಚಾಗಿ ಆತನ ವಿರೋಧಿಗಳು. 1930ರಲ್ಲಿ ಸೆನೆಟ್ ಸಭೆಯ ಚುನಾವಣೆಗೆ ನಿಂತಾಗ ಆತನು ತನ್ನದೇ ಆದ ಪತ್ರಿಕೆಯೊಂದನ್ನು ಹೊರಡಿಸಿದನು. ಧ್ವನಿವರ್ಧಕ ಕಟ್ಟಿದ ಮೋಟಾರು ವಾಹನದೊಡನೆ ಊರೂರು ತಿರುಗಿ ಪ್ರಚಾರ ಮಾಡಿ ಗೆದ್ದನು. ಪತ್ರಿಕೆಗೆ ಪತ್ರಿಕೆಯಿಂದ, ಮಾತಿಗೆ ಮಾತಿನಿಂದ ಉತ್ತರ ಕೊಡುವುದರಲ್ಲಿ ಅಧರ್ಮವೇನೂ ಇಲ್ಲ. ಆದರೆ 1934ರಲ್ಲಿ ಆತನ ಹಿಡಿತದಲ್ಲಿದ್ದ ಶಾಸನಸಭೆಯು, ವಾರಕ್ಕೆ 20,000ಕ್ಕಿಂತ ಹೆಚ್ಚು ಪ್ರತಿಗಳು ಖರ್ಚಾಗುವ ಪತ್ರಿಕೆಗಳ ಜಾಹೀರಾತಿನ ಉತ್ಪನ್ನದ ಮೇಲೆ ನೂರಕ್ಕೆ 2ರಂತೆ ವಿಶೇಷ ತೆರಿಗೆಯನ್ನು ಹೇರಿತು. ಅದಕ್ಕೆ ಒಳಗಾದವುಗಳಲ್ಲಿ ಹೆಚ್ಚಿನವು ಲಾಂಗನನ್ನು ವಿರೋಧಿಸುತ್ತಿದ್ದ ಪತ್ರಿಕೆಗಳೇ. 1936ರ ಫೆಬ್ರವರಿಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಈ ತೆರಿಗೆಯನ್ನು ಒಮ್ಮತದಿಂದ ರದ್ದುಪಡಿಸಿತು. ಅಷ್ಟರಲ್ಲಿ, ಅಂದರೆ 1935ರ ಸೆಪ್ಟೆಂಬರಿನಲ್ಲಿ, ಲಾಂಗನು ಗುಂಡೇಟಿಗೆ ಬಲಿಯಾಗಿದ್ದನು.

ಇಲ್ಲಿ ತಪ್ಪು ಸ್ಪಷ್ಟವಾಗಿದೆ. ತನ್ನ ಮಾತನ್ನು ಹೇಳಿಕೊಳ್ಳುವುದು ಬೇರೆ, ಪರರ ಬಾಯನ್ನು ಕಟ್ಟುವುದು ಬೇರೆ. ಜನರಿಗಾಗಿ ದುಡಿಯುವವನು ಕ್ರಮೇಣ "ನಾನೇ ಜನ" ಎಂದು ಭಾವಿಸತೊಡಗಿದರೆ, ತನ್ನನ್ನು ಪ್ರಶ್ನಿಸಿದವರೆಲ್ಲರೂ ಜನದ್ರೋಹಿಗಳಾಗಿ ಕಾಣುತ್ತಾರೆ. ಸೇವೆಯೇ ಅಹಂಕಾರಕ್ಕೆ ಗೊಬ್ಬರವಾಗುವ ಬಗೆ ಇದು. ಹಾಗೆಂದು ಪತ್ರಿಕೆಗಳೆಲ್ಲ ನಿರ್ಮಲವೆಂದಲ್ಲ. ಒಬ್ಬನ ಒಳಿತನ್ನು ಮುಚ್ಚಿಟ್ಟು ಕೆಡುಕನ್ನೇ ಸಾರುವ ಪತ್ರಿಕೆಯು ತಾನು ದ್ವೇಷಿಸುವವನ ಕೈಗೆ ತಾನೇ ಆಯುಧವನ್ನು ಕೊಟ್ಟಂತೆ.

ಆದರೆ ವಿರೋಧಿಗಳ ಕಲಹಕ್ಕಿಂತ ಮಿತ್ರರ ಕಲಹವು ಹೆಚ್ಚಿನ ಪಾಠವನ್ನು ಕಲಿಸುತ್ತದೆ. ಫಾಕ್ಸ್ ನ್ಯೂಸ್ ಎಂಬುದು ಅಮೆರಿಕದ ಸಂಪ್ರದಾಯಪರರಿಗೆ ಪ್ರಿಯವಾದ ದೂರದರ್ಶನ ವಾಹಿನಿ. 2015ರ ಆಗಸ್ಟ್ 6ರಂದು ಅದು ಏರ್ಪಡಿಸಿದ ಚರ್ಚೆಯಲ್ಲಿ, ಅಧ್ಯಕ್ಷಪದವಿಯ ಆಕಾಂಕ್ಷಿ ಡೊನಾಲ್ಡ್ ಟ್ರಂಪರನ್ನು, ಹೆಂಗಸರ ಬಗೆಗೆ ಅವರು ಆಡಿದ್ದ ಮಾತುಗಳನ್ನು ಕುರಿತು ನಿರೂಪಕಿ ಪ್ರಶ್ನಿಸಿದರು. ಅವರು ಕೆರಳಿದರು. 2016ರ ಜನವರಿಯಲ್ಲಿ ಅದೇ ವಾಹಿನಿಯು ಡಿ ಮಾಯ್ನ್ ನಗರದಲ್ಲಿ ನಡೆಸಿದ ಚರ್ಚೆಗೆ ಬಾರದೆ, ಅದೇ ನಗರದಲ್ಲಿ ಬೇರೊಂದು ಸಭೆಯನ್ನು ನಡೆಸಿದರು. ಮುಂದೆ ಇಬ್ಬರಿಗೂ ಹೊಂದಾಣಿಕೆಯಾಯಿತು.

ನಿಜವಾದ ಪರೀಕ್ಷೆಯು ಬಂದುದು 2020ರ ನವೆಂಬರ್ 3ರ ರಾತ್ರಿ. ಅರಿಜೋನ ಸಂಸ್ಥಾನವು ಟ್ರಂಪರ ಎದುರಾಳಿ ಬೈಡನ್ನರ ಪಾಲಾಯಿತೆಂದು ಇತರ ವಾಹಿನಿಗಳಿಗಿಂತ ಮೊದಲು ಸಾರಿದುದು ಫಾಕ್ಸ್ ನ್ಯೂಸೇ. ಅದು ಅವಸರವೆಂದವರುಂಟು, ಆದರೆ ಎಣಿಕೆ ಮುಗಿದಾಗ ಬೈಡನ್ನರು 10,457 ಮತಗಳಿಂದ ಅಲ್ಲಿ ಗೆದ್ದಿದ್ದರು. ಮಾತು ದಿಟವಾಯಿತು, ಆದರೆ ಕೇಳುಗರಿಗೆ ಹಿತವಾಗಲಿಲ್ಲ. ನಾಯಕರು ಮುನಿದರು, ನೋಡುಗರಲ್ಲಿ ಅನೇಕರು ತಮಗೆ ಬೇಕಾದುದನ್ನು ಹೇಳುವ ಬೇರೆ ವಾಹಿನಿಗಳತ್ತ ತಿರುಗಿದರು. ಮುಂದಿನ ವಾರಗಳಲ್ಲಿ, ಡೊಮಿನಿಯನ್ ಎಂಬ ಮತಯಂತ್ರದ ಕಂಪನಿಯು ಮತಗಳನ್ನು ಅದಲುಬದಲು ಮಾಡಿತೆಂಬ ಆರೋಪಗಳು ಫಾಕ್ಸ್ ವಾಹಿನಿಯಲ್ಲಿ ಮತ್ತೆ ಮತ್ತೆ ಪ್ರಸಾರವಾದವು. ಕಂಪನಿಯು 2021ರಲ್ಲಿ ನ್ಯಾಯಾಲಯದ ಮೊರೆಹೊಕ್ಕಿತು. ಆಗ ಬಯಲಾದ ಪತ್ರವ್ಯವಹಾರದಿಂದ ತಿಳಿದುದೇನೆಂದರೆ, ವಾಹಿನಿಯ ಹೆಸರಾಂತ ನಿರೂಪಕರಲ್ಲಿಯೂ ಅಧಿಕಾರಿಗಳಲ್ಲಿಯೂ ಹಲವರು ಆ ಆರೋಪಗಳನ್ನು ತಾವೇ ನಂಬಿರಲಿಲ್ಲ. ನೋಡುಗರು ಕೈಬಿಟ್ಟಾರೆಂಬ ಅಂಜಿಕೆ ಅವರನ್ನು ಕಾಡುತ್ತಿತ್ತು. ಆ ಆರೋಪಗಳು ಸುಳ್ಳೆಂದು ನ್ಯಾಯಾಧೀಶರು ನಿರ್ಣಯಿಸಿದರು. 2023ರ ಏಪ್ರಿಲ್ 18ರಂದು ವಾಹಿನಿಯು 78 ಕೋಟಿ 75 ಲಕ್ಷ ಡಾಲರುಗಳನ್ನು ತೆರಲು ಒಪ್ಪಿ ರಾಜಿಮಾಡಿಕೊಂಡಿತು.

ಹಣದ ದಂಡವನ್ನು ವಾಹಿನಿಯು ತೆತ್ತಿತು. ಆದರೆ ದೋಷದಲ್ಲಿ ಪಾಲುಗಾರರು ಯಾರು? ಸೋಲನ್ನು ಒಪ್ಪದ ನಾಯಕನದು ಒಂದು ಪಾಲು. ಮನಸ್ಸು ಒಪ್ಪದುದನ್ನು ಬಾಯಿಂದ ಹೊರಡಿಸಿದ ವಾಹಿನಿಯದು ಮತ್ತೊಂದು ಪಾಲು. ಆ ಅಂಜಿಕೆಯನ್ನು ಹುಟ್ಟಿಸಿದವರು ಯಾರೆಂದು ಕೇಳಿದರೆ ಮೂರನೆಯ ಪಾಲುಗಾರನು ಹೊರಬೀಳುತ್ತಾನೆ. ದಿಟವನ್ನು ಹೇಳಿದಾಗ ಎದ್ದುಹೋಗಿ, ಸುಳ್ಳನ್ನು ಹೇಳಿದಾಗ ಮರಳಿ ಬಂದು ಕುಳಿತವನು ಆತನು. ತಕ್ಕಡಿ ಸರಿಯಾಗಿದ್ದರೆ ಅಂಗಡಿಯನ್ನೇ ಬಿಡುವ ಗಿರಾಕಿಗಳು ಹೆಚ್ಚಿದರೆ, ತಕ್ಕಡಿಯನ್ನು ತಿದ್ದುವ ವರ್ತಕನೊಬ್ಬನನ್ನೇ ಬಯ್ದು ಫಲವೇನು?

ಇದಕ್ಕೆ ಆಕ್ಷೇಪವೊಂದುಂಟು. ದಿನವಿಡೀ ದುಡಿದು ಬಂದ ಗೃಹಸ್ಥನು ದೂರದ ಮತಯಂತ್ರವನ್ನು ಪರೀಕ್ಷಿಸಬಲ್ಲನೆ? ಖಂಡಿತ ಇಲ್ಲ. ತಿಳಿಯದಿರುವುದು ಆತನ ದೋಷವಲ್ಲ. ಪಕ್ಷವೊಂದರ ಮೇಲೆ ಒಲವಿರುವುದೂ ದೋಷವಲ್ಲ. ಒಲವಿಲ್ಲದವನು ಮತ ಹಾಕುವುದಾದರೂ ಹೇಗೆ? ಒಲವು ಅಭಿಪ್ರಾಯಕ್ಕೆ ಸಂಬಂಧಿಸಿದ್ದು, ಎಣಿಕೆ ಸಂಗತಿಗೆ ಸಂಬಂಧಿಸಿದ್ದು. ಯಾರು ಗೆಲ್ಲಬೇಕೆಂಬುದನ್ನು ಒಲವು ಹೇಳಬಹುದು. ಯಾರು ಗೆದ್ದರೆಂಬುದನ್ನು ಅದು ಹೇಳಲಾಗದು. ಈ ಗೆರೆಯನ್ನು ಅಳಿಸಿ, ಅಪ್ರಿಯವಾದ ದಿಟವನ್ನು ಹೇಳಿದವರ ಮೇಲೆ ಮುನಿಯುವುದೇ ದೋಷ. ಅಜ್ಞಾನವು ಅರಿವು ಬಂದೊಡನೆ ಕಳೆಯುತ್ತದೆ. ಅರಿವನ್ನೇ ಬೇಡವೆನ್ನುವ ಹಟವು ಹಾಗೆ ಕಳೆಯುವುದಿಲ್ಲ.

ಆದುದರಿಂದ ಯಾವ ದೇಶದ ಗೃಹಸ್ಥನೇ ಆಗಲಿ, ಚುನಾವಣೆಯ ಗದ್ದಲದಲ್ಲಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ತಾನು ಓದುವ ಪತ್ರಿಕೆಯು ತನ್ನ ಮೆಚ್ಚಿನ ಪಕ್ಷದ ತಪ್ಪನ್ನು ಎಂದಾದರೂ ಎತ್ತಿ ತೋರಿಸಿದೆಯೆ? ತೋರಿಸಿದಾಗ ತಾನು ಅದನ್ನು ಗೌರವಿಸಿದೆನೆ, ಹಳಿದೆನೆ? ಎದುರಾಳಿಯ ನಿಂದೆಯನ್ನು ಕೇಳಿ ಮನಸ್ಸು ಹಿಗ್ಗಿದಾಗ, ಆ ಹಿಗ್ಗು ಸುದ್ದಿಯ ದಿಟಕ್ಕೆ ಸಾಕ್ಷಿಯಲ್ಲವೆಂದು ನೆನೆದೆನೆ? ವಿಚಾರಿಸದೆ ಅದನ್ನು ನೆರೆಯವರಿಗೆ ದಾಟಿಸಿದೆನೆ? ಈ ಪ್ರಶ್ನೆಗಳಿಗೆ ನ್ಯಾಯಾಲಯ ಬೇಕಿಲ್ಲ, ಪಾಂಡಿತ್ಯವೂ ಬೇಕಿಲ್ಲ. ನಾಯಕನು ಬಾಯಿಯನ್ನು ಬಿಗಿಹಿಡಿಯಲೆಂದು ಹಾರೈಸುವುದು ಸುಲಭ; ತನ್ನ ಕಿವಿಯನ್ನು ಶುದ್ಧವಾಗಿಟ್ಟುಕೊಳ್ಳುವುದು ಕಷ್ಟ. ಆದರೆ ಅವನವನ ಕೈಯಲ್ಲಿರುವುದು ಅವನವನ ಕಿವಿಯೇ. ಕಹಿಯಾದ ದಿಟವನ್ನು ಕುಳಿತು ಕೇಳುವವರು ಉಳ್ಳ ನಾಡಿನಲ್ಲಿ ದಿಟವನ್ನು ಹೇಳುವವರಿಗೆ ಧೈರ್ಯವು ತಾನಾಗಿಯೇ ಬರುತ್ತದೆ.