ಪ್ರವಾದಿಯ ಅನಿಸಿಕೆ, ತೋಟಗಾರರ ಅನುಭವ

ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನೇ ನಂಬಿದರೆ ಪರಾಗ ಎಲ್ಲ ಹೂವಿಗೂ ಮುಟ್ಟದು. ಅದಕ್ಕೆಂದೇ ಬೆಳೆಗಾರರು ಮರ ಹತ್ತಿ, ಆಗತಾನೇ ಬಿರಿದ ಹೆಣ್ಣು ಗೊಂಚಲಿನ ನಡುವೆ ಗಂಡು ಹೂವಿನ ಎಳೆಗಳನ್ನು ಸಿಕ್ಕಿಸಿ ಕಟ್ಟುತ್ತಾರೆ. ಒಂದು ಗಂಡು ಮರದ ಪರಾಗ ಸುಮಾರು 50 ಹೆಣ್ಣು ಮರಗಳಿಗೆ ಸಾಕು. ಈ ಕಸುಬು ಬಹಳ ಹಳೆಯದು. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಟ್ಟಳೆಗಳಲ್ಲೇ ಹೀಗೆ ಹೂ ಕಟ್ಟಿ ತೋಟ ನೋಡಿಕೊಳ್ಳುವವನಿಗೆ ಫಸಲಿನ ಮೂರನೇ ಒಂದು ಪಾಲು ಗೊತ್ತುಮಾಡಿದೆ.

ಪ್ರವಾದಿ ಆಡಿದ ಮಾತೆಲ್ಲವೂ ಧರ್ಮದ ಆಜ್ಞೆಯೇ ಎಂಬ ಇಸ್ಲಾಮಿನ ಆಳವಾದ ಪ್ರಶ್ನೆಯೊಂದು ಈ ಹೂಕಟ್ಟುವ ಕೆಲಸಕ್ಕೆ ಅಂಟಿಕೊಂಡಿದೆ. ಪ್ರವಾದಿ ಮುಹಮ್ಮದರು 622ರಲ್ಲಿ ಮಕ್ಕಾ ಬಿಟ್ಟು ಮದೀನಾಕ್ಕೆ ಬಂದರು. ಮಕ್ಕಾ ಬೇಸಾಯವಿಲ್ಲದ ವ್ಯಾಪಾರದ ಊರು; ಮದೀನಾದ ಬದುಕು ಖರ್ಜೂರದ ತೋಟದ್ದು. ಅಲ್ಲಿನವರು ಹೂ ಕಟ್ಟುವುದನ್ನು ಕಂಡ ಪ್ರವಾದಿ, ಇದರಿಂದ ಉಪಯೋಗವಿದೆ ಎಂದು ತಮಗೆ ಅನಿಸುವುದಿಲ್ಲವೆಂದರು ಎಂದು ಹದೀಸುಗಳ, ಅಂದರೆ ಪ್ರವಾದಿಯ ನಡೆನುಡಿಯ ವರದಿಗಳ, ಸಂಗ್ರಹವಾದ ಸಹೀಹ್ ಮುಸ್ಲಿಂ ದಾಖಲಿಸಿದೆ. ಜನ ಅದನ್ನು ಕೈಬಿಟ್ಟರು, ಫಸಲು ಕೆಟ್ಟಿತು. ಒಂದು ನಿರೂಪಣೆಯಂತೆ ಬಂದದ್ದು ಬಲಿಯದ, ಸತ್ವವಿಲ್ಲದ ಕಾಯಿ. ಪರಾಗ ಸಿಗದ ಹೆಣ್ಣು ಮರ ಬಿಡುವುದು ಅಂಥ ಕಾಯನ್ನೇ ಎಂದು ಸಸ್ಯಶಾಸ್ತ್ರವೂ ಹೇಳುತ್ತದೆ. ಆಗ ಪ್ರವಾದಿ, ತಾವೂ ಮನುಷ್ಯರೇ, ಧರ್ಮದ ವಿಷಯದಲ್ಲಿ ಹೇಳಿದ್ದನ್ನು ಪಾಲಿಸಬೇಕು, ಲೋಕದ ಕೆಲಸಗಳನ್ನು ಅವರವರೇ ಚೆನ್ನಾಗಿ ಬಲ್ಲರು ಎಂದು ತಿಳಿಸಿದರು. ಈ ಪ್ರಸಂಗವನ್ನು ಪರಂಪರೆ ಮುಚ್ಚಿಡದೆ, ತಾನು ಅತ್ಯಂತ ಗೌರವಿಸುವ ಸಂಗ್ರಹಗಳಲ್ಲೊಂದರಲ್ಲಿ ಉಳಿಸಿಕೊಂಡು ಬಂದದ್ದು ದೊಡ್ಡ ಮಾತು.

ಹಾಗಾದರೆ ಔಷಧದ ವಿಷಯದಲ್ಲಿ ಬಂದ ಹದೀಸುಗಳು ಯಾವ ಬಗೆಯವು? ಬೆಳಿಗ್ಗೆ ಅಜ್ವಾ ಎಂಬ ತಳಿಯ ಏಳು ಖರ್ಜೂರ ತಿಂದವರಿಗೆ ಆ ದಿನ ವಿಷವೂ ಮಾಟವೂ ತಟ್ಟದು ಎಂಬ ಹದೀಸ್ ಉಂಟು. ಅದನ್ನು ಅಕ್ಷರಶಃ ನಂಬುವವರೂ ಇದ್ದಾರೆ. 14ನೇ ಶತಮಾನದ ಚಿಂತಕ ಇಬ್ನ್ ಖಲ್ದೂನ್ ಮಾತ್ರ ತನ್ನ ‘ಮುಖದ್ದಿಮಾ’ದಲ್ಲಿ, ಪ್ರವಾದಿ ಬಂದದ್ದು ಧರ್ಮ ಕಲಿಸಲು, ವೈದ್ಯ ಕಲಿಸಲಲ್ಲ ಎಂದು ವಾದಿಸಿ, ಆಧಾರವಾಗಿ ಇದೇ ಹೂಕಟ್ಟುವ ಪ್ರಸಂಗವನ್ನು ನೆನೆದ. ನಂಬಿ ಸೇವಿಸುವವನಿಗೆ ಅಂಥ ಔಷಧದಿಂದ ಒಳಿತಾಗಬಹುದೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಇದು ನ್ಯಾಯವಾದ ನಿಲುವು.

ಖರ್ಜೂರದ ಹಣ್ಣಿನ ಗುಣವನ್ನೂ ಹೀಗೆಯೇ, ನಂಬಿಕೆಯನ್ನೂ ಅನುಭವವನ್ನೂ ಬೇರೆಬೇರೆಯಾಗಿಟ್ಟು ಅಳೆಯಬೇಕು. ಒಣ ಖರ್ಜೂರದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಸಕ್ಕರೆ. ಜೊತೆಗೆ ನಾರು, ಪೊಟ್ಯಾಸಿಯಂ ಇವೆ. ಹಗಲಿಡೀ ಉಪವಾಸವಿದ್ದ ದೇಹಕ್ಕೆ ಬೇಗ ಕಸುವು ಬರುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರ ಎಣಿಸಿ ತಿನ್ನಬೇಕು. ರಂಜಾನಿನಲ್ಲಿ ಉಪವಾಸ ಬಿಡುವಾಗ ಖರ್ಜೂರಕ್ಕೆ ಸಿಕ್ಕಿರುವ ಸ್ಥಾನಕ್ಕೆ ಈ ಸತ್ವವೊಂದೇ ಕಾರಣವೆನ್ನುವಂತಿಲ್ಲ. ಅದು ಪ್ರವಾದಿಯ ರೂಢಿಯೂ ಹೌದು: ಮೊದಲು ಹಸಿ ಖರ್ಜೂರ, ಅದಿಲ್ಲದಿದ್ದರೆ ಒಣಗಿದ್ದು, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರು.